ಕೋಹಾ ಹಾಕಾಕ ನೆಟ್ ಸಿಗವಲ್ದ? ಮೊದ್ಲ ಡ್ರೈವರ್ ನೋಡ್ರಿ

ಜಮಖಂಡಿ ಕಡೆ ಒಂದ ಕಾಲೇಜ ಲೈಬ್ರರಿಗೆ ಕೋಹಾ, ಅಂದ್ರ ಲೈಬ್ರರಿ ನಡಸೂ ಸಾಫ್ಟ್‌ವೇರ್, ಹಾಕಾಕ ಹೋಗಿದ್ದೆ. ಲೈಬ್ರರಿಯನ್ ಮೇಡಂ ಡಿವಿಡಿಯಿಂದ ಡೆಬಿಯನ್ 11 (ವಿಂಡೋಸ್ ಬದಲಿ ಹಾಕೂ ಫ್ರೀ ಲಿನಕ್ಸ್ ಸಿಸ್ಟಂ) ಹಾಕಿ, ಮೂರ ಸಲ ಕೋಹಾ ಟ್ರೈ ಮಾಡಿದ್ರಂತ, ಮೂರೂ ಸಲ ಎರರ್. ಸಾಫ್ಟ್‌ವೇರ್ ಕೆಟ್ಟೈತ್ರಿ ಅಂದ್ರು. ಅದೇನೂ ಕೆಟ್ಟಿರಲಿಲ್ಲ. ಕೋಹಾದ ಪ್ಯಾಕೇಜು ಇಂಟರ್ನೆಟ್ಟಿಂದ ಇಳಿಬೇಕು, ಆ ಕಂಪ್ಯೂಟರಿಗೆ ವೈಫೈ ಕಾರ್ಡೇ ಕಾಣವಲ್ದಾಗಿತ್ತು. ರೊಕ್ಕ ಕೊಟ್ಟ ಸಾಫ್ಟ್‌ವೇರ್ ತಗೊಳ್ಳಾಕ ಆಗದ ನಮ್ಮೂರ ಕಾಲೇಜಿಗೆ ಕೋಹಾ ಫ್ರೀ ಸಿಗತೈತಿ, ಮಾವೋರಿ ಭಾಷಾದಾಗ ಆ ಹೆಸರಿನ ಅರ್ಥಾನ ಕಾಣಿಕಿ ಅಂತ, ಇಂಥಾದ್ದನ್ನ ಒಂದ ಡ್ರೈವರ್ (ಕಾರ್ಡನ್ನ ನಡಸೂ ಸಣ್ಣ ಪ್ರೋಗ್ರಾಂ) ಸಲುವಾಗಿ ಬಿಟ್ಟಬಿಟ್ರ ನನಗ ಭಾಳ ಕೆಟ್ಟ ಅನಸ್ತೈತಿ.

ಮೊದ್ಲ ಲ್ಯಾನ್ ವಾಯರ್ ಇದ್ರ ಅದನ್ನ ಹಚ್ಚಿ ಪೋರ್ಟಿನ ಲೈಟ್ ಹತ್ತೈತೋ ಇಲ್ಲೋ ನೋಡ್ರಿ. ಹತ್ತಲಿಲ್ಲಂದ್ರ ವಾಯರ್ ಬದಲಿ ಮಾಡ್ರಿ.

ಆಮ್ಯಾಲ ಟರ್ಮಿನಲ್ ತಗದು ಎಲ್‌ಎಸ್‌ಪಿಸಿಐ ಕಮಾಂಡ್ ಕೊಡ್ರಿ, ಮುಂದ ಒಂದ ಸ್ಪೇಸ್ ಬಿಟ್ಟು ಹೈಫನ್ ಹಾಕಿ ಎನ್‌ಎನ್‌ಕೆ ಅಂತ ಸಣ್ಣ ಅಕ್ಷರದಾಗ ಟೈಪ್ ಮಾಡ್ರಿ. ಕಂಪ್ಯೂಟರಿನೊಳಗಿನ ಕಾರ್ಡುಗಳ ಉದ್ದ ಪಟ್ಟಿ ಬರತೈತಿ, ಅದರಾಗ ನೆಟ್‌ವರ್ಕ್ ಕಂಟ್ರೋಲರ್ ಇಲ್ಲಾ ಈಥರ್ನೆಟ್ ಕಂಟ್ರೋಲರ್ ಅನ್ನೂ ಸಾಲ ಹುಡುಕ್ರಿ. ಅದರ ಕೆಳಗ 'ಕರ್ನೆಲ್ ಡ್ರೈವರ್ ಇನ್ ಯೂಸ್' ಅಂತ ಇದ್ರ ಡ್ರೈವರ್ ಕುಂತೈತಿ, ತಕರಾರು ರೂಟರ್ ಇಲ್ಲಾ ಐಪಿ ಅಡ್ರೆಸ್‌ದಾಗ (ನೆಟ್‌ವರ್ಕಿನಾಗ ಕಂಪ್ಯೂಟರಿಗೆ ಇರೂ ನಂಬರ್) ಇರಬಹುದು. ಆ ಸಾಲ ಇಲ್ಲಂದ್ರ ಡ್ರೈವರ್ ಕುಂತಿಲ್ಲ. ಕಂಟ್ರೋಲರ್ ಸಾಲಿನ ಕಡೀಗೆ ಚೌಕ ಬ್ರಾಕೆಟ್ಟಿನಾಗ ಒಂದ ನಂಬರ್ ಇರತೈತಿ, 8086 ಇಂದ ಶುರುವಾದ್ರ ಇಂಟೆಲ್, 10ಇಸಿ ಅಂತಿದ್ರ ರಿಯಲ್‌ಟೆಕ್, ಇದನ್ನ ಬರಕೊಳ್ಳ್ರಿ. ಡಬ್ಬಿ ಮ್ಯಾಲಿನ ಹೆಸರ ನಂಬಬ್ಯಾಡ್ರಿ, ಒಂದ ಮಾಡೆಲ್ಲಿನಾಗ ಬ್ಯಾರೆ ಬ್ಯಾರೆ ಕಾರ್ಡ್ ಹಾಕಿರತಾರ.

ಡೆಬಿಯನ್ 11ರಾಗ ಭಾಳ ವೈಫೈ ಕಾರ್ಡಿಗೆ ಬೇಕಾದ ಫರ್ಮ್‌ವೇರ್ (ಡ್ರೈವರ್ ಕಾರ್ಡಿನೊಳಗ ತುಂಬೂ ಪ್ರೋಗ್ರಾಂ, ಇದಿಲ್ಲಂದ್ರ ಕಾರ್ಡ್ ನಡ್ಯೂದಿಲ್ಲ) ಮಾಮೂಲಿ ಡಿಸ್ಕಿನಾಗ ಇರೂದಿಲ್ಲ, 2023ರ ಜೂನ್‌ದಾಗ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ದಾಗೇ ಕೊಡಾಕತ್ತಾರ. ಹೊಸದಾಗಿ ಹಾಕೋರು 11ಕ್ಕ ಹೋಗಲೇಬ್ಯಾಡ್ರಿ.

ಈಗಾಗಲೇ 11 ಹಾಕಿದ್ರ? ಫರ್ಮ್‌ವೇರ್ ತರಾಕ ನೆಟ್ ಬೇಕು, ನೆಟ್ಟಿಗೆ ಫರ್ಮ್‌ವೇರ್ ಬೇಕು. ಇಲ್ಲೇ ಮಂದಿ ಸುಸ್ತ ಆಗೂದು. ನಿಮ್ಮ ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್ಲಿಂದ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ, ಅದರ ಡ್ರೈವರ್ ಕರ್ನೆಲ್‌ದಾಗ (ಲಿನಕ್ಸಿನ ತಿರುಳಿನಾಗ) ಮೊದಲ ಇರತೈತಿ, ಸಾಮಾನ್ಯವಾಗಿ ಲ್ಯಾನ್ ಹಚ್ಚಿದಂಗ ನೆಟ್ ಬರತೈತಿ. ಬರೇ ಚಾರ್ಜಿಂಗ್ ಕೇಬಲ್ ನಡ್ಯೂದಿಲ್ಲ ಮತ್ತ. ಡಿವಿಡಿಯಿಂದ ಹಾಕಿದ್ರ ಸಾಫ್ಟ್‌ವೇರ್ ಎಲ್ಲಿಂದ ತರಬೇಕಂತ ಹೇಳೂ ಸೋರ್ಸಸ್ ಲಿಸ್ಟ್ ಫೈಲಿನಾಗ ಡಿಸ್ಕಿನ ಸಾಲ ಅಷ್ಟೇ ಇರಬಹುದು, ಡೆಬಿಯನ್ ಸರ್ವರಿನ ಸಾಲ ಸೇರಿಸಿ ಕಡೀಗೆ ನಾನ್‌ಫ್ರೀ ವಿಭಾಗಾನೂ ಬರೀರಿ, ನಾನ್ ಮತ್ತ ಫ್ರೀ ನಡುವ ಹೈಫನ್ ಹಾಕ್ರಿ. ಲಿಸ್ಟ್ ಅಪ್‌ಡೇಟ್ ಮಾಡಿ, ಇಂಟೆಲ್ ವೈಫೈಗೆ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ, ರಿಯಲ್‌ಟೆಕ್ಕಿಗೆ ಫರ್ಮ್‌ವೇರ್-ರಿಯಲ್‌ಟೆಕ್ ಅನ್ನೂ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡ್ರಿ.

ಬ್ಯಾರೆ ಕಡಿಂದ ಡ್ರೈವರ್ ತಂದು ಕಂಪೈಲ್ ಮಾಡಿಯೂ ಅದು ಲೋಡ್ ಆಗವಲ್ದಂದ್ರ ಬಯೋಸ್‌ದಾಗ ಸೆಕ್ಯೂರ್ ಬೂಟ್ ಆನ್ ಐತೇನು ನೋಡ್ರಿ, ಸಹಿ ಇಲ್ಲದ ಡ್ರೈವರನ್ನ ಅದು ಒಳಗ ಬಿಡೂದಿಲ್ಲ.

ಮೇಡಂ ಅವರ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವೈಫೈ ಬಂದ ಮ್ಯಾಲ ಕೋಹಾ ನಾಲ್ಕನೇ ಸಲಕ್ಕ ತಕರಾರಿಲ್ಲದ ಕುಂತು. ಆದ್ರೂ ಸರ್ವರ್ ಮಾಡೂ ಕಂಪ್ಯೂಟರಿಗೆ ಲ್ಯಾನ್ ವಾಯರ್ ಎಳಸ್ರಿ ಅಂತ ಹೇಳಿ ಬಂದೆ, ರೂಟರ್‌ದಾಗ ಅದಕ್ಕೊಂದ ಐಪಿ ಫಿಕ್ಸ್ ಮಾಡ್ರಿ ಅಂತನೂ ಹೇಳೇನಿ, ಇಲ್ಲಾಂದ್ರ ಐಪಿ ಬದಲಾದ ದಿನ ರೀಡಿಂಗ್ ರೂಮಿನ ಕಂಪ್ಯೂಟರಿನಾಗ ಪುಸ್ತಕ ಹುಡುಕೂ ಪೇಜು ತೆರ್ಯೂದಿಲ್ಲ.