ಸಂಧಾನದ ಥ್ರಿಲ್ಲರ್ ಬರೆಯುವ ಬಗೆ: ಬೆಳಗಾವಿಯಲ್ಲಿ ಒಂದು ಗುಪ್ತ ಮಾತುಕತೆ

ಸರ್ಕಾರ ಮತ್ತು ಕಾಡಿನ ಸಶಸ್ತ್ರ ಸಂಘಟನೆಯೊಂದರ ನಡುವಿನ ಶಾಂತಿ ಮಾತುಕತೆಯ ಕಾದಂಬರಿಗೆ ಕೈಹಾಕಿದವರು ಸಾಮಾನ್ಯವಾಗಿ ಬಾಂಬು ಎಲ್ಲಿ ಸಿಡಿಯಬೇಕು ಎಂಬುದನ್ನೇ ಮೊದಲು ಯೋಚಿಸುತ್ತಾರೆ. ಮೊದಲು ಬರೆಯಬೇಕಾದ್ದು ಒಪ್ಪಂದದ ಪತ್ರ. ಒಂದು ಪುಟ, ಆರು ಕಲಮು ಸಾಕು: ಕದನ ವಿರಾಮ, ಶಸ್ತ್ರ, ಕೈದಿಗಳು, ಮೊಕದ್ದಮೆ, ಜಮೀನು, ಉಸ್ತುವಾರಿ. ಸರ್ಕಾರಿ ಆದೇಶದ ಭಾಷೆಯಲ್ಲೇ ಬರೆಯಿರಿ. ಆಮೇಲೆ ಪ್ರತಿ ಕಲಮಿನ ಎದುರು, ಇದು ಜಾರಿಯಾದರೆ ಯಾರಿಗೆ ನಷ್ಟ ಎಂದು ಒಂದೊಂದು ಹೆಸರು ಗುರುತು ಹಾಕಿ. ನಿಮ್ಮ ಮುಖ್ಯ ಪಾತ್ರಗಳು ಅಲ್ಲಿಂದಲೇ ಹುಟ್ಟುತ್ತವೆ. ಯಾರಿಗೂ ನಷ್ಟವಾಗದ ಕಲಮು ಇದ್ದರೆ ತೆಗೆದುಹಾಕಿ.

ಎರಡನೆಯ ಕೆಲಸ, ಯಾವುದು ಮೊದಲು ಎಂಬ ಜಗಳವನ್ನು ಹೂಡುವುದು. ಕೈದಿಗಳ ಬಿಡುಗಡೆ ಮೊದಲೋ, ಶಸ್ತ್ರ ಒಪ್ಪಿಸುವುದು ಮೊದಲೋ? ಕೈಯಲ್ಲಿದ್ದುದನ್ನು ಮೊದಲು ಬಿಟ್ಟವರ ಬಳಿ ಮರುಗಳಿಗೆ ಹಿಡಿತ ಉಳಿಯುವುದಿಲ್ಲ. ಇದಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ, ಕಿತ್ತೂರು ಇದೆ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ರಾಣಿ ಚೆನ್ನಮ್ಮನ ಒತ್ತೆಯಲ್ಲಿದ್ದರು. ಕಮಿಷನರ್ ಚಾಪ್ಲಿನ್ ಜೊತೆ ಮಾತುಕತೆ ನಡೆದು ಇಬ್ಬರೂ ಬಿಡುಗಡೆಯಾದರು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಕೋಟೆ ಬಿದ್ದಿತ್ತು. ನಿಮ್ಮ ಕಥೆಯಲ್ಲೂ ಒತ್ತೆಯ ವಸ್ತು ಕೈಬಿಡುವ ಗಳಿಗೆಯನ್ನು ಪುಸ್ತಕದ ಮೂರನೇ ಎರಡು ಭಾಗ ಮುಗಿದಲ್ಲಿ ಇಡಿ. ಅದಕ್ಕೂ ಮುಂಚೆ ಬಂದರೆ ಉಳಿದ ಪುಟಗಳಲ್ಲಿ ಬರೀ ಓಟ ಮಾತ್ರ ಉಳಿಯುತ್ತದೆ.

ಹೆಚ್ಚಿನ ಹಸ್ತಪ್ರತಿಗಳು ಮುಗ್ಗರಿಸುವುದು ಕೈದಿಗಳ ಕಲಮಿನಲ್ಲಿ. ಮುಖ್ಯಮಂತ್ರಿ ಒಂದು ಫೋನ್ ಮಾಡುತ್ತಾರೆ, ಹಿಂಡಲಗಾ ಜೈಲಿನ ಬಾಗಿಲು ತೆರೆಯುತ್ತದೆ. ಹಾಗೆ ಆಗುವುದಿಲ್ಲ. ವಿಚಾರಣಾಧೀನ ಕೈದಿಯ ಮೇಲಿನ ಮೊಕದ್ದಮೆ ಹಿಂಪಡೆಯಲು ಸರ್ಕಾರಿ ಅಭಿಯೋಜಕರು ಕೋರ್ಟಿಗೆ ಅರ್ಜಿ ಹಾಕಬೇಕು, ನ್ಯಾಯಾಧೀಶರು ಅನುಮತಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 321ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360. ಕನ್ನಡಿಗರು ಇದನ್ನು ಕಣ್ಣಾರೆ ಕಂಡಿದ್ದಾರೆ. 2000ನೇ ಇಸವಿ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಒಯ್ದಾಗ, ಅವನ ಕಡೆಯವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಮೊಕದ್ದಮೆ ಹಿಂಪಡೆಯಲು ಸರ್ಕಾರ ಮುಂದಾಯಿತು. ವೀರಪ್ಪನ್ ತಂಡದಿಂದ ಕೊಲೆಯಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು, ನವೆಂಬರಿನಲ್ಲಿ ಕೋರ್ಟು ಅವರ ಪರ ನಿಂತಿತು. ಅಣ್ಣಾವ್ರು 108 ದಿನಗಳ ಮೇಲೆ ಮನೆಗೆ ಬಂದರು. ಆ ತಂದೆಯಂಥ ಒಂದು ಪಾತ್ರ ನಿಮ್ಮ ಕಾದಂಬರಿಗೆ ಬೇಕೇ ಬೇಕು. ಸಂಧಾನಕ್ಕೆ ಅಡ್ಡ ನಿಂತವರು, ಆದರೆ ನ್ಯಾಯ ಅವರ ಕಡೆಗಿದೆ. ಅಂಥವರ ಮುಂದೆ ಬಂದೂಕು ಹಿಡಿದ ಖಳನಾಯಕ ಏನೇನೂ ಅಲ್ಲ.

ಜಾಗದ ಆಯ್ಕೆಗೆ ಬರೋಣ. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳು ಗುಪ್ತ ಮಾತುಕತೆಗೆ ಹೇಳಿ ಮಾಡಿಸಿದ ಮರೆ. ಸುವರ್ಣ ವಿಧಾನಸೌಧಕ್ಕೆ ಇಡೀ ಸರ್ಕಾರವೇ ಬಂದಿಳಿದಿರುತ್ತದೆ, ಪ್ರವಾಸಿ ಮಂದಿರಗಳು ತುಂಬಿರುತ್ತವೆ, ಹೊರಜಿಲ್ಲೆಯ ಪೊಲೀಸರು ಬಂದೋಬಸ್ತಿಗೆ ನಿಂತಿರುತ್ತಾರೆ. ಗೃಹ ಇಲಾಖೆಯ ಅಧಿಕಾರಿಯೊಬ್ಬರು ಇಲ್ಲಿ ಯಾಕಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಆದರೆ ಬೆಂಗಳೂರಿನ ವರದಿಗಾರರೂ ಅಲ್ಲೇ ಚಹಾ ಕುಡಿಯುತ್ತಿರುತ್ತಾರೆ. ಅಧಿವೇಶನದ ಕೊನೆಯ ದಿನವೇ ನಿಮ್ಮ ಗಡುವು. ಆಮೇಲೆ ಆ ಮರೆ ಇರುವುದಿಲ್ಲ. ಸಂಘಟನೆಯವರನ್ನು ಖಾನಾಪುರದ ಕಾಡಿನ ಕಡೆಯಿಂದ, ಕಣಕುಂಬಿ–ಜಾಂಬೋಟಿ ದಾರಿಯಲ್ಲಿ ಕರೆತನ್ನಿ. ಚೋರ್ಲಾ ಘಾಟ್ ದಾಟಿದರೆ ಗೋವಾ, ಇತ್ತ ಮಹಾರಾಷ್ಟ್ರವೂ ದೂರವಿಲ್ಲ. ಮೂರು ರಾಜ್ಯದ ಪೊಲೀಸರಲ್ಲಿ ಒಬ್ಬರಿಗೆ ಸುದ್ದಿ ತಲುಪದಿದ್ದರೂ ಅನಾಹುತ.

ವಿಜಯಪುರದವರಿಗೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಭೇಟಿ ಇಡುವ ಆಸೆ ಆಗಿಯೇ ಆಗುತ್ತದೆ. ಬೇಡ. ಈ ಬದಿಯ ಪಿಸುಮಾತು ಆ ಬದಿಗೆ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ಬುದ್ಧಿ ಇರುವ ಯಾರೂ ಗುಟ್ಟು ಆಡುವುದಿಲ್ಲ.

ಜಮೀನಿನ ಕಲಮಿಗೆ ಜೀವ ತುಂಬಲು ಬಾಗಲಕೋಟೆಗೆ ಹೋಗಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ಮನೆತನಗಳಿವೆ. ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮತ್ತಷ್ಟು ಹೊಲ ಮುಳುಗುತ್ತದೆ. ಪರಿಹಾರದ ದುಡ್ಡು, ಹೋದ ಹೊಲ, ಎರಡರ ನಡುವೆ ಸಿಕ್ಕ ಒಬ್ಬ ಮಗ ಕಾಡು ಸೇರಿದರೆ ಓದುಗರು ಕಾರಣ ಕೇಳುವುದಿಲ್ಲ. ಸಂಘಟನೆಯನ್ನು ಮಾತ್ರ ನೀವೇ ಕಲ್ಪಿಸಿಕೊಳ್ಳಿ. ಗಡಿ ವಿವಾದವನ್ನೇ ವಸ್ತು ಮಾಡಿಕೊಂಡರೆ ಪಾತ್ರಗಳು ಮನುಷ್ಯರಾಗಿ ಉಳಿಯದೆ ಭಾಷಣ ಮಾಡತೊಡಗುತ್ತವೆ.

ಮೇಜಿನ ಸುತ್ತ ಐವರಿಗಿಂತ ಹೆಚ್ಚು ಜನ ಬೇಡ: ಎರಡೂ ಕಡೆ ಇಬ್ಬಿಬ್ಬರು, ನಡುವೆ ಒಬ್ಬ ಮಧ್ಯಸ್ಥ. ಮಧ್ಯಸ್ಥನಾಗಿ ನಿವೃತ್ತ ಶಾಲಾ ಮಾಸ್ತರರು ನಮ್ಮ ಕಡೆ ಚೆನ್ನಾಗಿ ಒಪ್ಪುತ್ತಾರೆ, ಅವರ ವಿದ್ಯಾರ್ಥಿಗಳು ಎರಡೂ ಕಡೆ ಇರುತ್ತಾರೆ. ಅಪಾಯ ಬರಬೇಕಾದ್ದು ಎದುರಿನ ಕುರ್ಚಿಯಿಂದಲ್ಲ, ಬೆನ್ನ ಹಿಂದಿನಿಂದ. ಅಕಾಲಿ ದಳದ ನಾಯಕ ಸಂತ ಲೋಂಗೋವಾಲ್ 1985ರ ಜುಲೈ 24ರಂದು ರಾಜೀವ್ ಗಾಂಧಿ ಜೊತೆ ಪಂಜಾಬ್ ಒಪ್ಪಂದಕ್ಕೆ ಸಹಿ ಹಾಕಿದರು. ಅದನ್ನು ಒಪ್ಪದ ಸಿಖ್ ಉಗ್ರರು ಆಗಸ್ಟ್ 20ರಂದು ಅವರನ್ನು ಕೊಂದರು.

ಮಾತುಕತೆಯ ದೃಶ್ಯ ಬರೆಯುವಾಗ ಕಾಗದದ ಮೇಲೆ ಕಣ್ಣಿಡಿ. 1978ರಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ 13 ದಿನಗಳ ಮಾತುಕತೆಯಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ಓಡಾಡಿದ್ದು ಅಮೆರಿಕನ್ನರ ಒಂದೇ ಕರಡು, ತಿದ್ದಿ ತಿದ್ದಿ ಬರೆದದ್ದು. ನೀವೂ ಹಾಗೇ ಮಾಡಿ. ಮೂರನೇ ದಿನದ ಕರಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಎರಡನೇ ಕಲಮಾಗಿದ್ದ ಕೈದಿಗಳ ಬಿಡುಗಡೆ ನಾಲ್ಕಕ್ಕೆ ಇಳಿದಿದೆ, ಅಷ್ಟೇ:

"ಮಾಸ್ತರ್ರೀ, ನಮ್ಮ ಹುಡುಗ್ರು ಕೆಳಗ ಹ್ಯಾಂಗ ಇಳದ್ರು?"

"ಅದು ಕೋರ್ಟಿನ ಕೈಲಿದೆ, ನಮ್ಮ ಕೈಲಿಲ್ಲ," ಅಧಿಕಾರಿ ನಡುವೆ ಬಾಯಿ ಹಾಕಿದರು.

"ನಾ ನಿಮ್ಮನ್ನ ಕೇಳಿಲ್ರಿ ಸಾಹೇಬ್ರ. ಮಾತು ಕೊಟ್ಟಾವ್ರು ಮಾಸ್ತರ್ರು."

ಬೆಂಗಳೂರಿನ ಅಧಿಕಾರಿಯ ಕನ್ನಡ ಬೇರೆ, ಈ ನೆಲದ ಕನ್ನಡ ಬೇರೆ. ಇಬ್ಬರ ಬಾಯಲ್ಲೂ ಒಂದೇ ಪುಸ್ತಕದ ಭಾಷೆ ಇಟ್ಟರೆ ದೃಶ್ಯ ಸಪ್ಪೆಯಾಗುತ್ತದೆ. ಬೈಗುಳ ಕಡಿಮೆ ಮಾಡಿ. ನಮ್ಮ ಕಡೆ ಸಿಟ್ಟು ಬಂದಷ್ಟೂ "ರೀ" ಹೆಚ್ಚು ಖಡಕ್ಕಾಗಿ ಬರುತ್ತದೆ.

ಗಾತ್ರ 55ರಿಂದ 60 ಸಾವಿರ ಪದ, ಅಧ್ಯಾಯಕ್ಕೆ 1,500ರ ಸುಮಾರು. ಮೇಜಿನ ದೃಶ್ಯಗಳು ಮೂರು ಸಾಕು, ಅದರಲ್ಲಿ ಒಂದನ್ನು ಮಾತ್ರ ಉದ್ದಕ್ಕೆ, ಎರಡು ಅಧ್ಯಾಯದಷ್ಟು ಬೆಳೆಸಿ. ಪ್ರತಿಯೊಂದರ ಕೊನೆಗೆ ಆರು ಕಲಮುಗಳ ಪತ್ರ ತೆಗೆದು ನೋಡಿ: ಯಾವ ಕಲಮೂ ಅಲುಗಾಡದಿದ್ದರೆ ಆ ದೃಶ್ಯ ಕಿತ್ತುಹಾಕಿ.

ಸಹಿಯ ದೃಶ್ಯವನ್ನು ಕೊನೆಗೆ ಇಡಬೇಡಿ, ಅದರ ನಂತರ ಕನಿಷ್ಠ ಮೂರು ಅಧ್ಯಾಯ ಇರಲಿ. ಕೊಲಂಬಿಯಾದಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರು ನಾಲ್ಕು ವರ್ಷ ಮಾತುಕತೆ ನಡೆಸಿ 2016ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದರು, ಅಕ್ಟೋಬರ್ 2ರ ಜನಮತದಲ್ಲಿ ಜನ ಕೂದಲೆಳೆಯ ಅಂತರದಲ್ಲಿ ಬೇಡ ಎಂದರು. ತಿದ್ದಿದ ಒಪ್ಪಂದಕ್ಕೆ ನವೆಂಬರಿನಲ್ಲಿ ಮತ್ತೆ ಸಹಿಯಾಯಿತು. ನಿಮ್ಮ ಮೂರು ಅಧ್ಯಾಯಗಳಲ್ಲಿ ಮೊದಲನೆಯದು ಕೋರ್ಟಿನದು, ಎರಡನೆಯದು ಕಾಡಿನಲ್ಲಿ ಉಳಿದವರದು, ಮೂರನೆಯದು ಮಗನನ್ನು ಕಳೆದುಕೊಂಡ ಆ ತಂದೆಯದು. ಅವರ ಅಧ್ಯಾಯವನ್ನು ಎಲ್ಲಕ್ಕಿಂತ ಮೊದಲೇ ಬರೆದಿಟ್ಟುಕೊಂಡರೆ ಉಳಿದ ಪುಸ್ತಕ ಎತ್ತ ಸಾಗಬೇಕು ಎಂಬುದು ನಿಮಗೆ ಗೊತ್ತಿರುತ್ತದೆ.