ಸಕ್ಕರೆ ಸರಿಯಿದೆ, ಇನ್ಸುಲಿನ್ ಎಷ್ಟಿದೆ?

ಖಾಲಿ ಹೊಟ್ಟೆಯ ಸಕ್ಕರೆ 92 ಎಂದು ವರದಿ ಬಂದರೆ ನಿರಾಳವಾಗುತ್ತದೆ. ಆದರೆ ಅದನ್ನು 92ಕ್ಕೆ ಹಿಡಿದಿಡಲು ಮೇದೋಜೀರಕ ಗ್ರಂಥಿ ಎಷ್ಟು ಇನ್ಸುಲಿನ್ ಸುರಿಸುತ್ತಿದೆ ಎಂಬುದು ಆ ವರದಿಯಲ್ಲಿ ಇರುವುದಿಲ್ಲ. ಸ್ನಾಯುಗಳು ಇನ್ಸುಲಿನ್ ಮಾತಿಗೆ ಕಿವುಡಾದರೂ (ಇದೇ ಇನ್ಸುಲಿನ್ ಪ್ರತಿರೋಧ) ಅಂಡಾಶಯ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಮಗು ಬಯಸುವವರಿಗೆ ತೊಡಕು ಹುಟ್ಟುವುದೇ ಅಲ್ಲಿ. ಅಂಡಾಶಯ ಪುರುಷ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ, ಅಂಡಾಣು ಪಕ್ವವಾಗಿ ಹೊರಬರುವುದಿಲ್ಲ. ಅಂಡೋತ್ಪತ್ತಿಗೆಂದು ಮಾತ್ರೆ ಕೊಟ್ಟರೂ ಅಂಡಾಶಯ ಸುಲಭಕ್ಕೆ ಸ್ಪಂದಿಸದಿರಬಹುದು. ಗರ್ಭ ನಿಂತ ಮೇಲೆ ಗರ್ಭಾವಧಿಯ ಮಧುಮೇಹದ ಅಪಾಯವೂ ಹೆಚ್ಚು.

ಗರ್ಭಧಾರಣೆಯ ಚಿಕಿತ್ಸೆಗೆ ಮೊದಲು ಕನ್ನಡಿ ನೋಡಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮವಿದ್ದರೆ, ಮುಟ್ಟು ತಪ್ಪುತ್ತಿದ್ದರೆ ವೈದ್ಯರಿಗೆ ಹೇಳಿ. ತೆಳ್ಳಗಿದ್ದೇನೆ ಎಂದು ಸುಮ್ಮನಿರಬೇಡಿ. ಪಿಸಿಒಎಸ್ (ಪುರುಷ ಹಾರ್ಮೋನು ಹೆಚ್ಚಿ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇರುವ ತೆಳು ಮೈಯವರಲ್ಲೂ ಇನ್ಸುಲಿನ್ ಪ್ರತಿರೋಧ ಕಾಣಿಸುತ್ತದೆ.

ನಂತರ ರಕ್ತಪರೀಕ್ಷೆ. ಖಾಲಿ ಹೊಟ್ಟೆಯ ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಇನ್ಸುಲಿನ್ ಪ್ರತಿರೋಧವನ್ನು ಅಂದಾಜಿಸುವ ಹೋಮಾ ಸೂಚ್ಯಂಕ ಸಿಗುತ್ತದೆ. ಸಕ್ಕರೆ 92, ಇನ್ಸುಲಿನ್ 18 ಇದ್ದರೆ ಸುಮಾರು 4.1. ಎರಡೂವರೆ ದಾಟಿದರೆ ಅನೇಕ ವೈದ್ಯರು ಹುಬ್ಬೇರಿಸುತ್ತಾರೆ. ಆದರೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇನ್ಸುಲಿನ್ ಅಳತೆ ಬದಲಾಗುವುದರಿಂದ ನನಗೆ ಈ ಅಂಕಿಗಿಂತ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ಮಾಡುವ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ ಎನಿಸುತ್ತದೆ. ಅದರಲ್ಲಿ ಸಕ್ಕರೆ 140 ಮುಟ್ಟಿದರೆ ಎಚ್ಚರಿಕೆಯ ಗಂಟೆ.

ಪರೀಕ್ಷೆಯಲ್ಲಿ ತೊಂದರೆ ಕಂಡರೆ ಎರಡು-ಮೂರು ತಿಂಗಳು ದೇಹಕ್ಕೆ ಕೊಡಿ. ತೂಕ ಹೆಚ್ಚಿರುವವರು ಶೇ 5ರಿಂದ 10ರಷ್ಟು ಇಳಿಸಿದರೂ ಅಂಡೋತ್ಪತ್ತಿ ತಾನಾಗಿ ಮರಳಬಹುದು. ತೂಕದ ಯಂತ್ರದ ಮುಳ್ಳು ಕದಲದಿದ್ದರೂ ವ್ಯಾಯಾಮ ವ್ಯರ್ಥವಲ್ಲ, ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ವಯಸ್ಸು 35 ದಾಟಿದವರು ಮಾತ್ರ ಎಷ್ಟು ಕಾಯಬಹುದೆಂದು ವೈದ್ಯರನ್ನೇ ಕೇಳಬೇಕು.

ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಬಗ್ಗೆ ಅತಿ ನಿರೀಕ್ಷೆ ಬೇಡ. 2007ರಲ್ಲಿ ಪ್ರಕಟವಾದ, ಪಿಸಿಒಎಸ್ ಇದ್ದ 626 ಮಹಿಳೆಯರ ಅಮೆರಿಕದ ಅಧ್ಯಯನದಲ್ಲಿ ಅದೊಂದನ್ನೇ ಪಡೆದವರಲ್ಲಿ ಶೇ 7.2ರಷ್ಟು ಮಂದಿಗೆ ಮಗುವಾಯಿತು. ಅಂಡೋತ್ಪತ್ತಿಯ ಮಾತ್ರೆ ಕ್ಲೋಮಿಫಿನ್ ಪಡೆದವರಲ್ಲಿ ಶೇ 22.5. ಈಗ ಪಿಸಿಒಎಸ್‌ನಲ್ಲಿ ಅಂಡೋತ್ಪತ್ತಿಗೆ ಮೊದಲ ಆಯ್ಕೆ ಲೆಟ್ರೋಜೋಲ್. ಐವಿಎಫ್‌ನ ಕೆಲವು ವಿಧಾನಗಳಲ್ಲಿ ಮಾತ್ರ, ಅಂಡಾಶಯ ವಿಪರೀತ ಊದಿಕೊಳ್ಳುವ ಅಪಾಯವನ್ನು ಮೆಟ್‌ಫಾರ್ಮಿನ್ ತಗ್ಗಿಸುತ್ತದೆ.

ತೂಕ ಇಳಿಸುವ ಚುಚ್ಚುಮದ್ದು ಪಡೆಯುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಸೆಮಾಗ್ಲುಟೈಡ್ ಆಗಿದ್ದಲ್ಲಿ ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.