ಸಿನಿಮಾ ಇದ್ದ ಹಾಗೇ ಕಾಣಬೇಕು: ಟಿವಿ ಸೆಟ್ಟಿಂಗ್‌ನಲ್ಲಿ ನನ್ನ ಅನುಭವ

ಹೊಸ ಟಿವಿ ಬಂದಾಗ ನಾನು ಮೊದಲು ತೆರೆಯುವುದು ಪಿಕ್ಚರ್ ಮೆನು. ಸಿನಿಮಾ ಆಮೇಲೆ. ಡಬ್ಬದಿಂದ ತೆಗೆದಾಗ ಹೆಚ್ಚಿನ ಟಿವಿಗಳಲ್ಲಿ ಬಣ್ಣ ಗಾಢವಾಗಿರುತ್ತದೆ, ಬಿಳಿ ಸ್ವಲ್ಪ ನೀಲಿಗೆ ತಿರುಗಿರುತ್ತದೆ, ಅಂಚುಗಳು ಬೇಕಾದ್ದಕ್ಕಿಂತ ಚೂಪಾಗಿರುತ್ತವೆ. ನೋಡಿದ ತಕ್ಷಣ ಕಣ್ಣು ಸೆಳೆಯುತ್ತದೆ, ನಿಜ. ಆದರೆ ಸಿನಿಮಾ ಮಾಡಿದವರು ಮಂದ ಬೆಳಕಿನ ಕೋಣೆಯಲ್ಲಿ ಕೂತು, ಅಳತೆ ಮಾಡಿ ಹೊಂದಿಸಿದ ಮಾನಿಟರ್‌ನಲ್ಲಿ ಒಂದೊಂದು ಶಾಟ್‌ನ ಬಣ್ಣವನ್ನೂ ನೋಡಿ ನೋಡಿ ತೀರ್ಮಾನಿಸಿರುತ್ತಾರೆ. ನನಗೆ ಬೇಕಿರುವುದು ಆ ಚಿತ್ರ. ಹಾಗಾಗಿ ಟಿವಿ ತನ್ನ ಕಡೆಯಿಂದ ಸೇರಿಸುವುದನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗುತ್ತೇನೆ.

ಮೊದಲು ಪಿಕ್ಚರ್ ಮೋಡ್. ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಎಂಬ ಹೆಸರಿನದನ್ನು ಆರಿಸುತ್ತೇನೆ. ಇವುಗಳಲ್ಲಿ ಬಿಳಿ ಬಣ್ಣ ಸುಮಾರು 6500 ಕೆಲ್ವಿನ್‌ಗೆ (ಬಿಳಿ ಎಷ್ಟು ಹಳದಿಗೆ, ಎಷ್ಟು ನೀಲಿಗೆ ತಿರುಗಿದೆ ಎಂಬುದರ ಅಳತೆ) ಹತ್ತಿರ ಇರುತ್ತದೆ, ಸಿನಿಮಾ ತಯಾರಾಗುವುದೂ ಅದೇ ಅಳತೆಗೆ. ಶುರುವಿನಲ್ಲಿ ಎಲ್ಲವೂ ಹಳದಿ ಹಳದಿ ಅನ್ನಿಸುತ್ತದೆ. ಕೂಡಲೇ ಹಿಂದಕ್ಕೆ ಬದಲಾಯಿಸಬೇಡಿ, ಕೆಲವು ದಿನ ಬಿಡಿ. ಕಣ್ಣು ಹೊಂದಿಕೊಂಡ ಮೇಲೆ ಹಳೆಯ ಮೋಡ್‌ನಲ್ಲಿ ಮುಖಗಳೇ ನೀಲಿಯಾಗಿ ಕಾಣುತ್ತವೆ.

ಆಮೇಲೆ ಮೋಷನ್ ಸ್ಮೂದಿಂಗ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಈ ಸೌಲಭ್ಯ ಆನ್ ಇದ್ದರೆ ಟಿವಿ ಮಧ್ಯದಲ್ಲಿ ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸುತ್ತದೆ, ದೊಡ್ಡ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ. ನಾನು ಪೂರ್ತಿ ಆಫ್ ಮಾಡುತ್ತೇನೆ. ಇದರ ಜೊತೆಗೆ ಪ್ಲೇಯರ್‌ನಲ್ಲಿ 24ಪಿ ಅಥವಾ 'ಮ್ಯಾಚ್ ಫ್ರೇಮ್ ರೇಟ್' ಆನ್ ಮಾಡಲೇಬೇಕು, ಆಗ ಸಿನಿಮಾ 24 ಫ್ರೇಮ್‌ನಲ್ಲೇ ಟಿವಿಗೆ ಹೋಗುತ್ತದೆ. ಇಲ್ಲದಿದ್ದರೆ 60 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 60 ಸಲಕ್ಕೆ, ಹೊಂದಿಸಲು ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಆ ಕುಲುಕಾಟ ಗೊತ್ತಾಗುತ್ತದೆ. 120 ಹರ್ಟ್ಸ್ ಪ್ಯಾನೆಲ್‌ನಲ್ಲಿ ಪ್ರತಿ ಫ್ರೇಮನ್ನೂ ಸರಿಯಾಗಿ ಐದು ಸಲ ತೋರಿಸಬಹುದು.

ಶಾರ್ಪ್‌ನೆಸ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಬೂದು ಹಿನ್ನೆಲೆಯ ಮೇಲೆ ತೆಳುವಾದ ಕಪ್ಪು ಗೆರೆಗಳಿರುವ ಚಿತ್ರ ಹಾಕಿ, ಟಿವಿಗೆ ತೀರಾ ಹತ್ತಿರ ಹೋಗಿ ನೋಡಿ. ಶಾರ್ಪ್‌ನೆಸ್ ಜಾಸ್ತಿ ಇದ್ದರೆ ಗೆರೆಯ ಎರಡೂ ಬದಿಗೆ ಬಿಳಿ ಅಂಚು ಕಾಣುತ್ತದೆ. ಅದು ಸಿನಿಮಾದಲ್ಲಿ ಇಲ್ಲ, ಟಿವಿ ಬರೆದದ್ದು. ಆ ಬಿಳಿ ಅಂಚು ಮಾಯವಾಗುವ ತನಕ ಇಳಿಸುತ್ತಾ ಹೋಗಿ. ಕೆಲವು ಟಿವಿಗಳಲ್ಲಿ ಅದು ಸೊನ್ನೆಗೆ ಬಂದು ನಿಲ್ಲುತ್ತದೆ, ಕೆಲವದರಲ್ಲಿ ಮಧ್ಯದಲ್ಲೇ. ಚಿತ್ರದ ಮೇಲಿನ ಚುಕ್ಕಿಗಳನ್ನು ಒರೆಸುವ ನಾಯ್ಸ್ ರಿಡಕ್ಷನ್ ಕೂಡ ಆಫ್. ಒಳ್ಳೆ ಡಿಸ್ಕ್‌ನಲ್ಲಿ ಅದು ಒರೆಸಿ ಹಾಕುವುದು ಫಿಲ್ಮ್‌ನ ಗ್ರೇನ್ (ಫಿಲ್ಮ್‌ನಲ್ಲೇ ಇರುವ ಸಣ್ಣ ಕಾಳುಕಾಳು) ಮತ್ತು ಚರ್ಮದ ನವಿರು ವಿವರಗಳನ್ನು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಡುವುದು ಕಪ್ಪಿಗೆ. ಎವಿಎಸ್ ಎಚ್‌ಡಿ 709 ಎಂಬ ಉಚಿತ ಟೆಸ್ಟ್ ಚಿತ್ರಗಳ ಡಿಸ್ಕ್ ಇದೆ. ಅದರಲ್ಲಿ ನಂಬರ್ ಹಾಕಿದ ಪಟ್ಟೆಗಳು ಮಿನುಗುತ್ತಿರುತ್ತವೆ. 8 ಬಿಟ್ ವಿಡಿಯೋದಲ್ಲಿ ಬೆಳಕಿನ ಮಟ್ಟಕ್ಕೆ 0ರಿಂದ 255ರ ತನಕ ನಂಬರ್ ಇರುತ್ತದೆ, ಅದರಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ರಾತ್ರಿ ದೀಪ ಆರಿಸಿ ಬ್ರೈಟ್‌ನೆಸ್ ಹೊಂದಿಸುತ್ತೇನೆ. ಕೆಲವು ಹೊಸ ಟಿವಿಗಳಲ್ಲಿ ಇದಕ್ಕೆ ಬ್ಲ್ಯಾಕ್ ಲೆವೆಲ್ ಎಂದು ಹೆಸರು. 16 ಮತ್ತು ಕೆಳಗಿನ ಪಟ್ಟೆಗಳು ಕಾಣಬಾರದು, 17 ಕಂಡೂ ಕಾಣದ ಹಾಗೆ ಮಿನುಗಬೇಕು. ಇದು ಸರಿಯಾದರೆ ಕತ್ತಲೆಯ ದೃಶ್ಯದಲ್ಲಿ ಕಪ್ಪು ಕೋಟಿನ ಮಡಿಕೆ, ಕೂದಲಿನ ಎಳೆ ಎಲ್ಲವೂ ಉಳಿಯುತ್ತವೆ. ಎಷ್ಟು ತಿರುಗಿಸಿದರೂ ಸರಿಹೋಗದಿದ್ದರೆ ಆರ್‌ಜಿಬಿ ರೇಂಜ್ ನೋಡಿ. ಲಿಮಿಟೆಡ್ ಎಂದರೆ ಮೇಲೆ ಹೇಳಿದ 16ರಿಂದ 235, ಫುಲ್ ಎಂದರೆ 0ಯಿಂದ 255. ಪ್ಲೇಯರ್ ಫುಲ್, ಟಿವಿ ಲಿಮಿಟೆಡ್ ಇದ್ದರೆ ನೆರಳೆಲ್ಲ ಕಪ್ಪಲ್ಲಿ ಮುಳುಗುತ್ತದೆ. ಅದಲು ಬದಲಾದರೆ ಇಡೀ ಚಿತ್ರ ಬೂದು ಬಡಿದಂತೆ ಕಾಣುತ್ತದೆ. ಸಿನಿಮಾಕ್ಕೆ ನಾನು ಎರಡನ್ನೂ ಲಿಮಿಟೆಡ್‌ನಲ್ಲೇ ಇಡುತ್ತೇನೆ.

ಓವರ್‌ಸ್ಕ್ಯಾನ್ ಆಫ್ ಮಾಡಿ, ಅಷ್ಟೇ. 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂದಿರುತ್ತದೆ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸುತ್ತದೆ.

ಕೇಬಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಎಚ್‌ಡಿಎಂಐ ಡಿಜಿಟಲ್ ಅಲ್ವಾ? ದುಬಾರಿ ಕೇಬಲ್‌ನಿಂದ ಬಣ್ಣ ಚೆನ್ನಾಗಾಗುವುದಿಲ್ಲ. ಕೇಬಲ್ ಸಾಲದಿದ್ದರೆ ಚುಕ್ಕಿಗಳು ಮಿಂಚುತ್ತವೆ, ಇಲ್ಲವೇ ಚಿತ್ರವೇ ಹೋಗಿ ಬರುತ್ತದೆ. 18 ಜಿಬಿಪಿಎಸ್‌ನ (ಸೆಕೆಂಡಿಗೆ 18 ಗಿಗಾಬಿಟ್) ಪ್ರೀಮಿಯಂ ಹೈ ಸ್ಪೀಡ್ ಕೇಬಲ್ 4ಕೆ ಸಿನಿಮಾಗಳಿಗೆ ಸಾಕು. ದುಡ್ಡು ಹಾಕುವುದಿದ್ದರೆ ಡಿಸ್ಕ್‌ಗೆ ಹಾಕಿ. ಸಾಮಾನ್ಯ ಬ್ಲೂ-ರೇ ಡಿಸ್ಕ್‌ನಲ್ಲಿ ವಿಡಿಯೋಗೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಅವಕಾಶವಿದೆ. ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಹೊಗೆ, ಮಂಜು, ಮುಸ್ಸಂಜೆಯ ಆಕಾಶ ಬಂದಾಗ ಚೌಕ ಚೌಕವಾಗಿ ಒಡೆಯುವುದು ಅದಕ್ಕೇ.

ಕೂರುವ ದೂರವೂ ಮುಖ್ಯ. 55 ಇಂಚಿನ ಟಿವಿಯಿಂದ ಸುಮಾರು 2.2 ಮೀಟರ್‌ಗಿಂತ ಹಿಂದೆ ಕೂತರೆ ಸಾಮಾನ್ಯ ದೃಷ್ಟಿಯ ಕಣ್ಣಿಗೆ 1080ಪಿ (ಫುಲ್ ಎಚ್‌ಡಿ) ಚಿತ್ರದ ಪಿಕ್ಸೆಲ್‌ಗಳೇ ಬಿಡಿಯಾಗಿ ಕಾಣುವುದಿಲ್ಲ. 4ಕೆಯ ಹೆಚ್ಚಿನ ವಿವರ ಬೇಕೆಂದರೆ ಕುರ್ಚಿ ಮುಂದಕ್ಕೆ ಎಳೆಯಬೇಕು.

ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಎಚ್‌ಡಿಆರ್‌ಗೆ, ಅಂದರೆ ಹೊಳಪು ಮತ್ತು ಕತ್ತಲೆಯ ನಡುವಿನ ವ್ಯಾಪ್ತಿ ಹೆಚ್ಚಿರುವ ವಿಡಿಯೋಗೆ, ಟಿವಿ ಬೇರೆಯೇ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಎಷ್ಟೋ ಟಿವಿಗಳಲ್ಲಿ ಒಂದೊಂದು ಎಚ್‌ಡಿಎಂಐ ಪೋರ್ಟ್‌ಗೂ ಬೇರೆ ಬೇರೆ. ಎಚ್‌ಡಿಆರ್ ಸಿನಿಮಾ ಹಾಕಿ, ಅದು ಓಡುತ್ತಿರುವಾಗಲೇ ಮೆನು ತೆರೆದು, ಮೋಡ್, ಮೋಷನ್, ಶಾರ್ಪ್‌ನೆಸ್ ಮೂರನ್ನೂ ಮತ್ತೆ ಹೊಂದಿಸಿ.